ಒಂದೂರು ಮೊದಲೇ ಎದ್ದು ನಿಲ್ಲುವುದು

ಬಸ್ಸು ಹತ್ತಿದರೆ ಇಳಿಯುವ ಜಾಗಕ್ಕಿಂತ ಒಂದೂರು ಮೊದಲೇ ಎದ್ದು, ಕೂತ ಸೀಟನ್ನು ಯಾರಿಗಾದರೂ ಬಿಟ್ಟುಕೊಟ್ಟು, ಚೀಲವನ್ನು ಎದೆಗವಚಿಕೊಂಡು ಬಾಗಿಲ ಹತ್ತಿರ ಹೋಗಿ ನಿಲ್ಲುವುದು ನನ್ನ ಅಭ್ಯಾಸ. ನೋಡಿದವರು ಈಕೆಗೆ ಎಷ್ಟು ಒಳ್ಳೆಯ ಮನಸ್ಸು ಅಂದುಕೊಳ್ಳುತ್ತಾರೆ. ನಮ್ಮ ಯಜಮಾನರಿಗೆ ಮಾತ್ರ ಒಳಗುಟ್ಟು ಗೊತ್ತು. ‘ನೀನು ಬಾಗ್ಲಲ್ಲಿ ನಿಂತ್ಕಂಡ್ರೆ ಬಸ್ಸು ಬೇಗ ಹೋಗ್ತದೇನೇ? ನಿನ್ನ ಯಾವತ್ತೂ ವಿಮಾನ ಹತ್ತಿಸಬಾರ್ದು ಕಣೆ, ಮಧ್ಯದಲ್ಲೇ ಎದ್ದು ಬಾಗ್ಲು ಹುಡುಕ್ತೀಯ’ ಎಂದು ಹೋದಲ್ಲಿ ಬಂದಲ್ಲಿ ರೇಗಿಸುತ್ತಾರೆ. ನಾನು ಬಾಗಿಲ ಕಂಬ ಬಿಡುವುದಿಲ್ಲ. ಐವತ್ತು ದಾಟಿದೆ, ಮಂಡಿ ನೋಯುತ್ತದೆ, ಆದರೂ ಬಿಡುವುದಿಲ್ಲ.

ಇದು ನಿಮಗೆ ಅರ್ಥವಾಗಬೇಕಾದರೆ ನಮ್ಮ ಗೇಟಿನ ವಿಷಯ ಹೇಳಬೇಕು. ಗೇಟೆಂದರೆ ಬಾಗಿಲೂ ಇಲ್ಲ, ಕಾವಲುಗಾರನೂ ಇಲ್ಲ. ನಮ್ಮ ಕಡೆ ಊರಿನ ಕವಲುದಾರಿ ಟಾರು ರಸ್ತೆಗೆ ಬಂದು ಸೇರುವ ಜಾಗಕ್ಕೆ ಗೇಟು ಅನ್ನುತ್ತಾರೆ. ಹೊಳೆನರಸೀಪುರದಿಂದ ಚನ್ನರಾಯಪಟ್ಟಣದ ಕಡೆ ಹೋಗುವ ಬಸ್ಸುಗಳು ನಮ್ಮ ತೊರೆಕೊಪ್ಪಲು ಗೇಟಿನ ಮುಂದೆಯೇ ಹೋಗುತ್ತವೆ, ಆದರೆ ತಾವಾಗಿ ನಿಲ್ಲುವುದಿಲ್ಲ. ಹತ್ತುವವರು ರಸ್ತೆಗೆ ಬಂದು ಕೈ ಅಡ್ಡ ಹಾಕಬೇಕು. ಇಳಿಯುವವರು ಕಾಲುವೆಯ ಸೇತುವೆ ದಾಟಿದ ತಕ್ಷಣ ‘ಓಲ್ಡಾನ್’ ಎಂದು ಕೂಗಬೇಕು. ಕೂಗಿದರೆ ಕಂಡಕ್ಟರ್ ವಿಸಿಲ್ ಊದುತ್ತಾನೆ, ಡ್ರೈವರ್ ಬ್ರೇಕ್ ಒತ್ತುತ್ತಾನೆ. ಪಟ್ಟಣದವರು ಅದನ್ನು ಹೋಲ್ಡಾನ್ ಅನ್ನುತ್ತಾರೆ. ನಮ್ಮವರು ಹಕಾರಕ್ಕೆ ಅಷ್ಟೊಂದು ಉಸಿರು ಖರ್ಚು ಮಾಡುವುದಿಲ್ಲ, ಉಳಿಸಿದ್ದನ್ನೆಲ್ಲ ಕೊನೆಗೆ ಸುರಿಯುತ್ತಾರೆ.

ನಾನು ಐದನೇ ಕ್ಲಾಸು ಮುಗಿಸಿದಾಗ ನಮ್ಮೂರಲ್ಲಿ ಮುಂದಕ್ಕೆ ಓದಲು ಶಾಲೆ ಇರಲಿಲ್ಲ. ಹೊಳೆನರಸೀಪುರದ ಮಿಡ್ಲ್ ಸ್ಕೂಲಿಗೆ ಸೇರಿಸಿದರು. ಬೆಳಿಗ್ಗೆ ಹೋಗುವುದು ಸಲೀಸು. ತಾಪತ್ರಯವೆಲ್ಲ ಸಂಜೆಯದು. ಮೊದಲ ವಾರವೇ ಸೇತುವೆ ದಾಟಿದ್ದನ್ನು ನೋಡಿ ಬಾಯಿ ತೆರೆದೆ. ಓಲ್ ಅನ್ನುವವರೆಗೆ ಸರಿಯಾಗಿಯೇ ಇದ್ದ ಗಂಟಲು ಡಾನ್ ಅನ್ನುವಾಗ ಕೀರಲು ಹೊಡೆಯಿತು. ಹಿಂದಿನ ಸೀಟಿನಲ್ಲಿದ್ದ ಯಾರೋ ಪುಣ್ಯಾತ್ಮ ಅದನ್ನು ಹಾಗೇ ಅಣಕಿಸಿದ. ಬಸ್ಸಿಗೆ ಬಸ್ಸೇ ನಕ್ಕಿತು. ನಗದೆ ಇದ್ದವಳು ನಾನೊಬ್ಬಳೇ.

ಮಾರನೇ ದಿನ ಸೇತುವೆ ಬಂತು, ಬಾಯಿ ಬರಲಿಲ್ಲ. ಗೇಟು ಕಣ್ಣಮುಂದೆಯೇ ಹಿಂದಕ್ಕೆ ಸರಿದುಹೋಯಿತು. ಅದೃಷ್ಟಕ್ಕೆ ಮುಂದಿನ ಊರು ಗುಡ್ಡೇನಹಳ್ಳಿಯಲ್ಲಿ ಟೀ ಅಂಗಡಿ ಇತ್ತು, ಅಲ್ಲಿ ಡ್ರೈವರ್ ಯಾರೂ ಕೇಳದಿದ್ದರೂ ನಿಲ್ಲಿಸುತ್ತಿದ್ದ. ಇನ್ನೂ ದೊಡ್ಡ ಅದೃಷ್ಟವೆಂದರೆ ಅದು ನನ್ನ ಸೋದರತ್ತೆ ನಿಂಗಮ್ಮನ ಊರು. ಅಳು ನುಂಗಿಕೊಂಡು ಅತ್ತೆಯ ಮನೆ ಬಾಗಿಲಿಗೆ ಹೋಗಿ ನಿಂತರೆ, ಅತ್ತೆ ಹಟ್ಟಿಯಿಂದ ಸೆಗಣಿ ಕೈಯಲ್ಲೇ ಓಡಿ ಬಂದಳು. ‘ನಮ್ಮಣ್ಣನ ಮಗ್ಳು! ಅತ್ತೆ ನೋಡ್ಬೇಕು ಅಂತ ಒಬ್ಳೇ ಬಂದ್ಬುಟ್ಟವಳೆ ನೋಡ್ರಪ್ಪಾ!’ ಎಂದು ಬೀದಿಗೆಲ್ಲ ಸಾರಿದಳು. ಬಿಸಿ ರಾಗಿ ರೊಟ್ಟಿ, ಮೇಲೆ ಒಂದುಂಡೆ ಬೆಣ್ಣೆ, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿ. ಇಷ್ಟು ಸಿಕ್ಕ ಮೇಲೆ ನಾನು ಬಂದ ಕಾರಣವನ್ನು ಯಾರೂ ಕೇಳಲಿಲ್ಲ, ಕೇಳದೆ ಹೇಳುವಷ್ಟು ನನ್ನ ಬಾಯಿಗೂ ಬಿಡುವಿರಲಿಲ್ಲ.

ಆಮೇಲೆ ಇದೇ ರೂಢಿಯಾಯಿತು. ಗೇಟಿಗೆ ಇಳಿಯುವವರು ಬೇರೆ ಯಾರಾದರೂ ಇದ್ದರೆ ಅವರ ಹಿಂದೆ ಇಳಿಯುತ್ತಿದ್ದೆ. ಇಲ್ಲದ ದಿನ ಅತ್ತೆಯ ಮನೆ. ಕತ್ತಲಾಗುವ ಮುಂಚೆ ಅತ್ತೆಯ ಮಗ ರಂಗಸ್ವಾಮಿ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕಾಲುವೆ ಏರಿಯ ಮೇಲೆ ನನ್ನನ್ನು ಊರಿಗೆ ತಂದು ಬಿಡುತ್ತಿದ್ದ. ನನಗಿಂತ ಎರಡು ವರ್ಷ ದೊಡ್ಡವನು. ದಾರಿಯುದ್ದಕ್ಕೂ ತಾನು ಹಿಡಿದ ಏಡಿಗಳ ಕಥೆ ಹೇಳುತ್ತಿದ್ದ. ಒಂದೊಂದು ದಿನ ಕಥೆಗೆ ಸಾಕ್ಷಿ ಅವನ ಅಂಗಿ ಜೇಬಿನಲ್ಲೇ ಅಲುಗಾಡುತ್ತಿತ್ತು.

ನಮ್ಮ ಸೀಮೆಯಲ್ಲಿ ಹುಡುಗಿಯೊಬ್ಬಳು ಪದೇ ಪದೇ ಸೋದರತ್ತೆ ಮನೆಗೆ ಹೋಗಿ, ಅತ್ತೆ ಮಗನ ಸೈಕಲ್ಲಿನಲ್ಲಿ ವಾಪಸು ಬಂದರೆ ಜನ ಏನು ತಿಳಿಯುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ನೀರಿಗೆ ಬಂದ ಹೆಂಗಸರು ಶುರುಮಾಡಿದರು. ‘ಏನವ್ವಾ, ಈಗ್ಲಿಂದ್ಲೇ ಅತ್ತೆಮನೆ ರೂಢಿ ಮಾಡ್ಕತ್ತಿದ್ದೀಯಾ?’ ನನಗೆ ಸಿಟ್ಟು ಬರುತ್ತಿತ್ತು, ಆದರೆ ನಿಜ ಹೇಳಿದರೆ ಹೋಲ್ಡಾನಿನ ಕಥೆ ಹೊರಗೆ ಬೀಳುತ್ತಿತ್ತು. ಕೊನೆಗೊಂದು ದಿನ ಅತ್ತೆ ನಮ್ಮ ಮನೆಯ ಜಗಲಿ ಮೇಲೆ ಕೂತು, ನಾನು ಕೇಳುವ ಹಾಗೆಯೇ ನಮ್ಮಪ್ಪನಿಗೆ ಅಂದಳು: ‘ಅಣ್ಣಯ್ಯಾ, ನಿನ್ ಮಗ್ಳು ನಮ್ಮನೆಗೇ ಇರ್ಲಿ ಬುಡು. ಎಂಗೂ ತಾನೇ ಕಾಲಿಟ್ಕಂಡು ಬತ್ತಾವಳೆ. ಓದೋದು ಮುಗೀಲಿ, ಆಮ್ಯಾಕೆ ನಮ್ಮ ರಂಗಸ್ವಾಮಿಗೇ ತಂದ್ಕತೀನಿ.’ ನಮ್ಮಪ್ಪ ಎಲೆಅಡಿಕೆ ಜಗಿಯುತ್ತ ತಲೆ ಆಡಿಸಿದರು.

ಆ ರಾತ್ರಿ ಜೀವಮಾನವಿಡೀ ಏಡಿಗಳ ಜೊತೆ ಸಂಸಾರ ಮಾಡಿದ ಹಾಗೆ ಕನಸು ಬಿತ್ತು. ಮಾರನೇ ದಿನ ಸಂಜೆ ಬಸ್ಸು ಇನ್ನೂ ಸೇತುವೆ ಹತ್ತಿರಲಿಲ್ಲ, ನಾನು ಬಾಗಿಲ ಬಳಿ ನಿಂತು ಕೂಗಿದ ಕೂಗಿಗೆ ಡ್ರೈವರ್ ದನವೋ ಮಗುವೋ ಅಡ್ಡ ಬಂತೆಂದು ಗಕ್ಕನೆ ಬ್ರೇಕ್ ಹಾಕಿದ. ಗಂಟಲು ಕೀರಲೂ ಹೊಡೆಯಿತು, ಜನ ನಗಲೂ ನಕ್ಕರು. ನಾನು ಇಳಿದು, ಸೇತುವೆಯನ್ನು ನಡೆದೇ ದಾಟಿ ಮನೆಗೆ ಹೋದೆ. ಅವತ್ತಿನಿಂದ ಒಂದೂರು ಮೊದಲೇ ಎದ್ದು ನಿಲ್ಲುವುದು ಶುರುವಾಯಿತು. ಮುಂದೆ ಮದುವೆಯಾದದ್ದು ನಮ್ಮೂರಿನವರನ್ನೇ, ನಮ್ಮ ಬೀದಿಯ ಆ ತುದಿಯಿಂದ ಈ ತುದಿಗೆ ಬಂದೆ. ಹೊಸ ಊರಿನ ಗೇಟಿನಲ್ಲಿ ಕೂಗುವ ಕಷ್ಟ ಬೇಡವೆಂದೇ ಒಪ್ಪಿಕೊಂಡಳು ಅಂತ ಯಜಮಾನರು ಹೇಳುವುದನ್ನು ನೀವು ನಂಬಬೇಡಿ. ಪೂರ್ತಿ ಸುಳ್ಳು ಅಂತಲೂ ನಾನು ಹೇಳುವುದಿಲ್ಲ.

ಈಗ ನಾನು ಮೇಷ್ಟರಮ್ಮ. ನಮ್ಮೂರಲ್ಲಿ ಏಳನೇ ಕ್ಲಾಸಿನವರೆಗೆ ಶಾಲೆ ಬಂದಿದೆ, ಆರು ಏಳನೆಯವರಿಗೆ ಪಾಠ ಮಾಡುತ್ತೇನೆ. ಈ ವಯಸ್ಸಿನ ಮಕ್ಕಳ ಭಯದ್ದೇ ಒಂದು ರೀತಿ. ಒಂದನೇ ಕ್ಲಾಸಿನ ಮಗು ಹೆದರಿದರೆ ಅಳುತ್ತದೆ, ಎಲ್ಲರೂ ಎತ್ತಿಕೊಳ್ಳುತ್ತಾರೆ. ದೊಡ್ಡವರು ಹೆದರಿದರೆ ಸಿಟ್ಟು ಮಾಡಿಕೊಳ್ಳುತ್ತಾರೆ, ಎಲ್ಲರೂ ದೂರ ಸರಿಯುತ್ತಾರೆ. ನಡುವಿನ ಈ ಮಕ್ಕಳಿಗೆ ಅಳಲು ನಾಚಿಕೆ, ಸಿಟ್ಟು ಮಾಡಲು ಅಧಿಕಾರವಿಲ್ಲ. ಹಾಗಾಗಿ ಅವರಿಗೆ ಹೊಟ್ಟೆನೋವು ಬರುತ್ತದೆ. ಸೂಜಿ ಹಾಕುವ ನರ್ಸ್ ಬರುವ ದಿನ ಚೇತನನಿಗೆ ಹೊಟ್ಟೆನೋವು. ಪ್ರಾರ್ಥನೆಯ ಹೊತ್ತಿನಲ್ಲಿ ಪೇಪರ್ ಓದುವ ಸರದಿ ಬಂದವರಿಗೆ ಹೊಟ್ಟೆನೋವು. ಮೊದಮೊದಲು ಓಂಕಾಳು ಕೊಡುತ್ತಿದ್ದೆ. ಈಗ ಪಕ್ಕದಲ್ಲಿ ಕೂರಿಸಿಕೊಂಡು ‘ಹೊಟ್ಟೆಯೊಳಗೆ ಯಾರಿದ್ದಾರೆ, ಹೇಳು’ ಅಂತ ಕೇಳುತ್ತೇನೆ.

ಕಳೆದ ವರ್ಷ ಹೀಗೆ ಸಿಕ್ಕವಳು ಸಿಂಚನ. ಏಳನೇ ಕ್ಲಾಸು. ಲೆಕ್ಕದಲ್ಲಿ ನನಗಿಂತ ಚುರುಕು. ಆದರೆ ಉತ್ತರ ಹೇಳು ಅಂದರೆ ದನಿ ಅವಳ ತುಟಿಯಿಂದ ಅವಳ ಕಿವಿಯವರೆಗೂ ಹೋಗುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಅವಳ ಅಮ್ಮ ಲತಾ ಡೈರಿಗೆ ಹಾಲು ಹಾಕಿ ಬರುವಾಗ ಖಾಲಿ ಕ್ಯಾನಿನ ಸಮೇತ ಶಾಲೆಗೇ ಬಂದಳು.

‘ಅಕ್ಕಾ, ಇವ್ಳು ಐಸ್ಕೂಲಿಗೆ ಓಗಲ್ಲ ಅಂತ ಕೂತವಳೆ. ನಂದೂ ಏಳಕ್ಕೇ ನಿಂತೋಯ್ತು. ಆಗ ನಮ್ಮಪ್ಪ ನಿಲ್ಲಿಸ್ದ. ಈಗ ಇವ್ಳು ತಾನೇ ನಿಲ್ತೀನಿ ಅಂತಾಳೆ. ನಮ್ಮಪ್ಪನ್ ಕೂಡೆ ಆದ್ರೂ ಜಗಳ ಆಡ್ದೆ, ಇವ್ಳ ಕೂಡೆ ಏನಂತ ಆಡ್ಲಿ?’ ಅಂದಳು. ಕಣ್ಣು ತುಂಬಿತ್ತು. ಕ್ಯಾನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು.

ಸಿಂಚನಳ ಹೊಟ್ಟೆಯೊಳಗೆ ಇದ್ದದ್ದು ಬಸ್ಸು. ಹೆಂಗಸರಿಗೆ ಟಿಕೆಟಿಲ್ಲ ಅಂತಾದ ಮೇಲೆ ನಮ್ಮ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಚಳಿಗಾಲದಲ್ಲಿ ಒಮ್ಮೆ ಅಮ್ಮನ ಜೊತೆ ಸಂತೆಗೆ ಹೋಗಿ ಬರುವಾಗ ಅಮ್ಮ ಮುಂದೆ, ಇವಳು ಹಿಂದೆ ಸಿಕ್ಕಿಕೊಂಡಿದ್ದರು. ಮಗಳು ಹಿಂದಿನ ಬಾಗಿಲಲ್ಲಿ ಇಳಿದಳು ಅಂದುಕೊಂಡು ಲತಾ ಗೇಟಿನಲ್ಲಿ ಇಳಿದಳು. ಬಸ್ಸು ಹೊರಟಿತು. ಕಿಟಕಿಯಲ್ಲಿ ಅಮ್ಮ ಕಾಣುತ್ತಿದ್ದರೂ ಇವಳಿಗೆ ಕೂಗಲು ಆಗಲಿಲ್ಲ. ಕಂಡಕ್ಟರ್ ಆಮೇಲೆ ನೋಡಿ ‘ಬಾಯಲ್ಲಿ ಏನ್ ಮಡಗಿದ್ದೆ?’ ಎಂದು ಬೈದನಂತೆ. ಅದನ್ನು ಹೇಳುವಾಗ ಸಿಂಚನ ನನ್ನ ಮುಖ ನೋಡಲಿಲ್ಲ. ‘ಐಸ್ಕೂಲಿಗೆ ಸೇರಿದ್ರೆ ದಿನಾ ಸಾಯಂಕಾಲ ಅಂಗೇ ಆಗುತ್ತೆ ಮಿಸ್. ನಾನು ಮನೇಲೇ ಇದ್ದು ಹಸ ನೋಡ್ಕತೀನಿ’ ಅಂದಳು. ಕೇಳಿ ನನಗೆ ಸಂಕಟವಾಯಿತು. ಒಂದು ಮಾತು ಕೂಗಲಾರದೆ ಒಬ್ಬ ಹುಡುಗಿಯ ಓದು ಗೇಟಿನಲ್ಲೇ ನಿಲ್ಲುವುದು ನನಗೆ ಬೇಡವಾಗಿತ್ತು. ಹೇಗಾದರೂ ಸರಿ, ಇವಳನ್ನು ಇಳಿಸಿಯೇ ಇಳಿಸುತ್ತೇನೆ ಎಂದು ಹಟ ತೊಟ್ಟೆ.

ಮೊದಲು ಕ್ಲಾಸಿನಲ್ಲೇ ಬೆಂಚು ಜೋಡಿಸಿ ಬಸ್ಸು ಮಾಡಿದೆ. ಆಟದ ಮೇಷ್ಟರ ವಿಸಿಲ್ ಕೊರಳಿಗೆ ಹಾಕಿಕೊಂಡು ಚೇತನ ಕಂಡಕ್ಟರ್ ಆದ. ಸೂಜಿಗೆ ಹೆದರುವ ಹುಡುಗ ಕೊರಳಿಗೆ ವಿಸಿಲ್ ಬಿದ್ದದ್ದೇ ತಡ, ‘ಮುಂದಕ್ ಓಗಿ, ಮುಂದಕ್ ಓಗಿ’ ಎಂದು ನನ್ನನ್ನೇ ತಳ್ಳಲು ಬಂದ. ಒಬ್ಬೊಬ್ಬರೇ ಓಲ್ಡಾನ್ ಕೂಗಿ ಇಳಿದರು, ಕೆಲವರು ಇಳಿದ ಖುಷಿಗೆ ಮತ್ತೆ ಹತ್ತಿದರು. ಸಿಂಚನಳ ಸರದಿ ಬಂದಾಗ ತುಟಿ ಅಲುಗಿತು, ದನಿ ಇಲ್ಲ. ‘ಚನ್ರಾಯ್‌ಪಟ್ಣ ಬಂತು, ಲಾಸ್ಟ್ ಸ್ಟಾಪು, ಎಲ್ಲಾ ಇಳ್ಕಳಿ’ ಎಂದು ಚೇತನ ನಿರ್ದಾಕ್ಷಿಣ್ಯವಾಗಿ ಸಾರಿದ. ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ‘ಇನ್ನೊಂದ್ಸಲ ಮಿಸ್’ ಅಂದಳು. ಆ ಮಧ್ಯಾಹ್ನ ನಮ್ಮ ಬೆಂಚಿನ ಬಸ್ಸು ಅವಳೊಬ್ಬಳನ್ನು ಕೂರಿಸಿಕೊಂಡು ಎಷ್ಟು ಸಲ ಚನ್ನರಾಯಪಟ್ಟಣಕ್ಕೆ ಹೋಗಿ ಬಂತೋ! ಚೇತನನಿಗೇ ಸಾಕಾಗಿ ಹೋಯಿತು. ಅವಳಿಗೆ ಸಾಕಾಗಲಿಲ್ಲ. ದನಿ ಬರಲಿಲ್ಲ ಅನ್ನುವುದು ನಿಜ, ಆದರೆ ಆ ‘ಇನ್ನೊಂದ್ಸಲ’ ಕೇಳಿ ನನ್ನ ಎದೆಗೆ ಬಲ ಬಂತು.

ಪರೀಕ್ಷೆ ಮುಗಿದ ಮೇಲೆ ನಿಜವಾದ ಬಸ್ಸಿನಲ್ಲೇ ಕರೆದುಕೊಂಡು ಹೋದೆ. ಹೊಳೆನರಸೀಪುರದಲ್ಲಿ ಹಣ್ಣಿನ ರಸ ಕುಡಿದು ವಾಪಸು ಹತ್ತಿದೆವು. ನಾನು ಬಾಯಿ ಬಿಡುವುದಿಲ್ಲ, ನೀನೇ ಇಳಿಸಬೇಕು ಅಂತ ಒಪ್ಪಂದ. ಸೇತುವೆ ಬಂತು. ಅವಳು ಕಂಬವನ್ನು ಬಿಗಿಯಾಗಿ ಹಿಡಿದಳು. ಬಾಯಿ ತೆರೆದಳು, ಮುಚ್ಚಿದಳು. ಕೂಗಿಬಿಡೋಣವೆಂದು ನನ್ನ ನಾಲಿಗೆ ತುರಿಸಿತು, ಕಚ್ಚಿ ಹಿಡಿದುಕೊಂಡೆ. ಗೇಟು ಹೋಯಿತು. ಇಷ್ಟು ವರ್ಷಗಳ ಮೇಲೆ ಮತ್ತೆ ನಾನು ಗುಡ್ಡೇನಹಳ್ಳಿಯಲ್ಲಿ ಇಳಿದೆ!

ಹೋಗುವುದೆಲ್ಲಿಗೆ? ಅತ್ತೆಯ ಮನೆಗೆ. ಅತ್ತೆಗೆ ಈಗ ವಯಸ್ಸಾಗಿದೆ, ನಾಲಿಗೆಗೆ ಆಗಿಲ್ಲ. ಮೊಮ್ಮಕ್ಕಳನ್ನು ಗದರುತ್ತ ಹುಣಸೆಹಣ್ಣು ಬಿಡಿಸುತ್ತಿದ್ದವಳು ನಮ್ಮನ್ನು ನೋಡಿ, ‘ಬಂದ್ಯಾ ತಾಯಿ! ಚಿಕ್ಕ ಹುಡ್ಗಿ ಆಗಿದ್ದಾಗ್ಲಿಂದ್ಲೂ ನಮ್ಮಣ್ಣನ ಮಗ್ಳಿಗೆ ನನ್ನ ಕಂಡ್ರೆ ಪ್ರಾಣ ಕಣವ್ವ’ ಅಂತ ಸಿಂಚನಳಿಗೆ ಹೇಳಿದಳು. ಬಸ್ಸಿನಲ್ಲಿ ಬರುವಾಗ ನನ್ನ ಕಥೆಯನ್ನೆಲ್ಲ ಅವಳಿಗೆ ಹೇಳಿದ್ದೆ. ಹೇಳಬಾರದಿತ್ತು. ಓಲ್ಡಾನ್ ಅನ್ನಲಾರದ ಆ ಬಾಯಿ ಅಲ್ಲಿ ಫಟ್ಟನೆ ತೆರೆಯಿತು. ‘ಪ್ರಾಣ ಅಂತಲ್ಲ ಅಜ್ಜಿ. ಮಿಸ್‌ಗೆ ಗೇಟಲ್ಲಿ ಕೂಗೋಕೆ ಭಯ. ಅದಕ್ಕೇ ಬರ್ತಿದ್ರು.’

ನಾನು ನೆಲ ನೋಡಿದೆ. ಅತ್ತೆ ಹುಣಸೆಹಣ್ಣು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ‘ನಂಗೊತ್ತಿರ್ನಿಲ್ವಾ? ಪ್ರೀತಿಗೆ ಬರೋ ಮಗ ಕಣ್ಣಲ್ಲಿ ನೀರು ತಕ್ಕಂಡ್ ಬತ್ತದಾ? ಮೊದ್ಲೊಂದ್ ನಾಲ್ಕು ದಿನ ರೊಟ್ಟಿ ಕೊಟ್ಟೆ. ಇಂಗೇ ಬುಟ್ರೆ ಇವ್ಳು ಓದೋದು ಬುಟ್ಟು ರೊಟ್ಟಿ ತಿನ್ಕಂಡ್ ಇದ್ಬುಡ್ತಾಳೆ ಅಂತ ನಮ್ಮಣ್ಣಂಗೆ ಮೊದ್ಲೇ ಏಳಿ, ಇವ್ಳ್ ಮುಂದೆ ಮದ್ವೆ ಮಾತು ಎತ್ದೆ. ಮಾರ್ನೇ ದಿಸ್ದಿಂದ ಬರ್ಲೇ ಇಲ್ಲ!’

ಎಲೆಅಡಿಕೆ ಜಗಿಯುತ್ತ ತಲೆಯಾಡಿಸಿದ ನಮ್ಮಪ್ಪನ ಮುಖ ನೆನಪಾಯಿತು. ಇಬ್ಬರೂ ಸೇರಿ ನನ್ನನ್ನು ಬಸ್ಸಿನಿಂದ ಇಳಿಸಿದ್ದರು! ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ನನಗೆ ರೊಟ್ಟಿ ಕೊಟ್ಟಷ್ಟೇ ಪ್ರೀತಿಯಿಂದ ಅತ್ತೆ ನನ್ನನ್ನು ಹೆದರಿಸಿದ್ದಳು. ಕಣ್ಣೊರೆಸಿಕೊಂಡು ‘ಹಾಗಾದರೆ ಇವಳಿಗೂ ಏನಾದರೂ ಮಾಡು ಅತ್ತೆ’ ಅಂದೆ.

ಅತ್ತೆ ಸಿಂಚನಳನ್ನು ಮೇಲಿಂದ ಕೆಳಗೆ ನೋಡಿದಳು. ‘ಇವ್ಳಿಗೆ ಬ್ಯಾಡ. ನೀನು ಹೆದ್ರಿ ಸುಮ್ಕಿದ್ದೆ, ಇವ್ಳು ಹೆದ್ರಿದ್ರೂ ಬಾಯ್ಬುಟ್ಟು ಏಳೋದ್ನ ಏಳ್ತಾಳೆ. ಇವ್ಳ ದಾರಿ ಇವ್ಳೇ ಹುಡುಕ್ಕತಾಳೆ ಬುಡು.’

ನಮ್ಮನ್ನು ವಾಪಸು ಬಿಟ್ಟವನು ರಂಗಸ್ವಾಮಿ ಭಾವನೇ, ಆಲೂಗಡ್ಡೆ ಸಾಗಿಸುವ ಅವನ ಗೂಡ್ಸ್ ಆಟೋದಲ್ಲಿ. ಮೀಸೆ ಬಂದಿದೆ, ಹೊಟ್ಟೆಯೂ ಬಂದಿದೆ. ಸಿಂಚನ ದಾರಿಯುದ್ದಕ್ಕೂ ಅವನ ಅಂಗಿ ಜೇಬನ್ನೇ ನೋಡುತ್ತಿದ್ದಳು. ಗೇಟಿನಲ್ಲಿ ಇಳಿದ ಮೇಲೆ ಮೆಲ್ಲಗೆ ಕೇಳಿದಳು: ‘ಮಿಸ್, ಓಲ್ಡಾನ್ ಅಂತಲೇ ಅನ್ಬೇಕಾ?’

‘ಬಸ್ಸು ನಿಂತರೆ ಸಾಕು ಕಣೆ’ ಅಂದೆ.

ಅಮ್ಮನಿಗೆ ಅವಳೇ ಮಾತು ಕೊಟ್ಟಳು. ಹೊಳೆನರಸೀಪುರದಿಂದ ಒಬ್ಬಳೇ ಹತ್ತಿ ಗೇಟಿನಲ್ಲಿ ಇಳಿದರೆ ಹೈಸ್ಕೂಲಿಗೆ ಸೇರುವುದು. ಆಗದಿದ್ದರೆ ಮತ್ತೆ ಯಾರೂ ಆ ಮಾತೆತ್ತಬಾರದು. ಲತಾ ನನ್ನ ಮುಖ ನೋಡಿದಳು. ನಾನು ಹೂಂ ಅಂದೆ. ಅಂದಮೇಲೆ ನನಗೇ ಹೊಟ್ಟೆನೋವು ಶುರುವಾಯಿತು.

ಗೊತ್ತುಮಾಡಿದ ದಿನ ಲತಾ ಮಗಳನ್ನು ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಹತ್ತಿಸಿ, ತಾನು ಮುಂದಿನ ಬಸ್ಸಿಗೆಂದು ಅಲ್ಲೇ ಉಳಿದಳು. ನಾನು ಯಾರಿಗೂ ಹೇಳದೆ ಗೇಟಿನ ತಂಗುದಾಣದಲ್ಲಿ ಕೂತೆ. ಯಾರಾದರೂ ಕೇಳಿದರೆ ಸೊಪ್ಪಿನವನಿಗೆ ಕಾಯುತ್ತಿದ್ದೇನೆ ಅನ್ನೋಣವೆಂದು ಕೈಯಲ್ಲೊಂದು ಬುಟ್ಟಿ ಬೇರೆ. ದೂರದಲ್ಲಿ ಬಸ್ಸು ಕಂಡಿತು. ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಸೇತುವೆ ಹತ್ತಿತು, ಇಳಿಯಿತು. ವೇಗ ತಗ್ಗಲಿಲ್ಲ. ನಾನು ಎದ್ದು ನಿಂತೆ. ರಸ್ತೆಗೆ ಹಾರಿ ಕೈ ಅಡ್ಡ ಹಾಕಿಬಿಡಲೇ ಅನ್ನಿಸಿತು. ಬೇಡ, ಬೇಡ ಎಂದು ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಸ್ಸು ನನ್ನ ಮುಂದೆಯೇ ಧೂಳೆಬ್ಬಿಸಿಕೊಂಡು ಹಾದುಹೋಯಿತು.

ಆಗ ಕೇಳಿಸಿತು. ಟಣ್ ಟಣ್ ಟಣ್ ಟಣ್! ಶಾಲೆ ಬಿಟ್ಟಾಗ ಹೊಡೆಯುವ ಗಂಟೆಯ ಹಾಗೆ, ಬಿಡದೆ ಒಂದೇ ಸಮ. ವಿಸಿಲ್ ಬಿತ್ತು. ಬಸ್ಸು ಮಾರು ದೂರ ಹೋಗಿ ನಿಂತಿತು. ಕಂಡಕ್ಟರ್ ಒಳಗಿಂದ ಕೂಗುತ್ತಿದ್ದ: ‘ಯಾರವ್ವ ಅದು? ಬಸ್ಸು ಒಡ್ದಾಕ್ತೀಯಾ?’

ಎಲ್ಲರೂ ಸುಮ್ಮನಾದರು. ಆ ನಿಶ್ಶಬ್ದದಲ್ಲಿ ಸಣ್ಣ ದನಿಯೂ ಸಾಕಾಗಿತ್ತು. ‘ನಾನು. ನಮ್ಮೂರ್ ಗೇಟು. ಇಳೀಬೇಕು.’

ಜನರ ಸಂದಿಯಿಂದ ಮೊದಲು ಸ್ಟೀಲಿನ ಊಟದ ಡಬ್ಬಿ ಹೊರಬಂತು, ಆಮೇಲೆ ಅದರ ಮುಚ್ಚಳ, ಕೊನೆಗೆ ಸಿಂಚನ. ಕಂಬಕ್ಕೆ ಬಡಿದು ಬಡಿದು ಮುಚ್ಚಳದ ಅಂಚು ತಗ್ಗಿಹೋಗಿತ್ತು. ಮುಖ ಬೆವರಿತ್ತು. ನಾನು ಬುಟ್ಟಿ ಬಿಸಾಡಿ ಓಡಿಹೋದೆ. ಅವಳು ನನ್ನನ್ನು ನೋಡಿ ಖುಷಿಪಡಲಿಲ್ಲ, ಹುಬ್ಬು ಗಂಟಿಕ್ಕಿದಳು.

‘ಇನ್ಮೇಲೆ ನೀವು ಬರ್ಬೇಡಿ ಮಿಸ್’ ಅಂದು, ಮುಚ್ಚಳವನ್ನು ಡಬ್ಬಿಗೆ ಒತ್ತಿ ಹಾಕಿ ಊರ ಕಡೆ ನಡೆದಳು. ಅದು ಸರಿಯಾಗಿ ಕೂರಲಿಲ್ಲ. ಕೂರದಿದ್ದರೇನು, ಅವಳಂತೂ ಇಳಿದಿದ್ದಳು.

ಶಾಲೆ ಶುರುವಾದ ಮೇಲೆ ಒಂದು ಸಂಜೆ ತರಬೇತಿ ಮುಗಿಸಿಕೊಂಡು ಹೊಳೆನರಸೀಪುರದಿಂದ ಬರುತ್ತಿದ್ದೆ. ಪುಣ್ಯಕ್ಕೆ ಸೀಟು ಸಿಕ್ಕಿತ್ತು. ಯೂನಿಫಾರಂ ಹಾಕಿಕೊಂಡು ಸಿಂಚನ ಪಕ್ಕದಲ್ಲೇ ಕಂಬ ಹಿಡಿದು ನಿಂತಿದ್ದಳು, ಬ್ಯಾಗಿನ ಪಕ್ಕದ ಜೇಬಿನಲ್ಲಿ ಅದೇ ಡಬ್ಬಿ. ನಮ್ಮೂರಿಗಿಂತ ಹಿಂದಿನ ಊರು ಬಂದ ಕೂಡಲೇ ನನ್ನ ಕಾಲು ತಾನಾಗಿ ಎದ್ದಿತು, ಚೀಲ ಎದೆಗೇರಿತು.

‘ಕೂತ್ಕಳಿ ಮಿಸ್, ಮಂಡಿ ನೋವು ಅಂತೀರ. ಗೇಟು ಬಂದಾಗ ನಾನು ಬಡೀತೀನಿ’ ಅಂದಳು.

ಕೂತೆ. ಹೇಳಿದಷ್ಟು ಸುಲಭವಲ್ಲ ಅದು. ತೆಂಗಿನ ತೋಟ ಹೋಯಿತು, ಇಟ್ಟಿಗೆ ಗೂಡು ಹೋಯಿತು. ಎದ್ದುಬಿಡೋಣ ಅನ್ನಿಸಿದಾಗೆಲ್ಲ ಅವಳ ಮುಖ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಸೇತುವೆ ಹತ್ತಿದೆವು. ಅವಳು ಮೆಲ್ಲಗೆ ಡಬ್ಬಿ ಹೊರತೆಗೆದು, ಅಂಚು ತಗ್ಗಿದ ಮುಚ್ಚಳವನ್ನು ಕೈಗೆ ತಗೊಂಡಳು.

ಟಣ್ ಟಣ್ ಟಣ್!

ಬಸ್ಸು ನಿಂತಿತು. ಆಮೇಲೆ ನಾನು ಎದ್ದೆ.